ಸಭೆಯ ನಡಾವಳಿ ಬರೆಯಬೇಕಾದವರು ಯಾರು?

ಇಂಗ್ಲೆಂಡಿನಲ್ಲಿ ಮಗಳು ಓದುವ ಸರ್ಕಾರಿ ಪ್ರೈಮರಿ ಶಾಲೆಗೆ ನಾನೀಗ ಪೇರೆಂಟ್ ಗವರ್ನರ್, ಅಂದರೆ ಶಾಲೆಯ ಆಡಳಿತ ಸಮಿತಿಯಲ್ಲಿ ಪೋಷಕರ ಪ್ರತಿನಿಧಿ. ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಓಟು ಹಾಕಿ ಆರಿಸಿದ್ದು. ನಾಲ್ಕು ವರ್ಷದ ಅವಧಿ, ಸಂಬಳ ಇಲ್ಲ. ಊರಿಗೆ ಫೋನ್ ಮಾಡಿ ಹೇಳಿದಾಗ ಅಕ್ಕ ಕೇಳಿದಳು, "ನಾನೂ ಎಸ್‌ಡಿಎಂಸಿ ಮೆಂಬರ್ ಅಲ್ವೇನೋ, ಇದೂ ಅದೇ ತಾನೇ?"

ಹೆಚ್ಚೂಕಡಿಮೆ ಅದೇ. ಕಾನೂನು ಮಾತ್ರ ನೋಡಿದರೆ ನಮ್ಮದೇ ಮೇಲು. ಕರ್ನಾಟಕದಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2001ರಿಂದ ಇದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಲೇಬೇಕು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಇಲ್ಲಿ ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಕೆಳಗಿರುವ ಶಾಲೆಗಳ ಸಮಿತಿಯಲ್ಲಿ ಕನಿಷ್ಠ 7 ಜನ, ಅದರಲ್ಲಿ ಪೋಷಕರು ಇಬ್ಬರಿದ್ದರೆ ಸಾಕು. ಅಕ್ಕ ಶಾಲೆಗೆ ಹೋಗಿ ಬಿಸಿಯೂಟದ ಸಾಂಬಾರು ರುಚಿ ನೋಡಿ, ನೀರಾಗಿದೆ ಎಂದು ಹೇಳಿದರೆ ಮರುದಿನವೇ ಬೇಳೆ ಜಾಸ್ತಿಯಾಗುತ್ತದೆ. ನನಗೆ ಇಲ್ಲಿ ಅಷ್ಟು ಹತ್ತಿರ ಇಲ್ಲ. ದಿನದಿನದ ಕೆಲಸಕ್ಕೆ ಗವರ್ನರ್‌ಗಳು ಕೈ ಹಾಕುವಂತಿಲ್ಲ.

ಆದರೆ ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಸಭೆಗೆ ಏಳು ದಿನ ಮೊದಲೇ ಕಾಗದಪತ್ರ ಎಲ್ಲ ಕೈಗೆ ಬರುತ್ತವೆ. ಬಡ ಮನೆಯ ಮಕ್ಕಳಿಗಾಗಿ ಶಾಲೆಗೆ ಬರುವ ಪ್ಯೂಪಿಲ್ ಪ್ರೀಮಿಯಂ ಹಣದಿಂದ ಆ ಮಕ್ಕಳ ಓದು ಎಷ್ಟು ಸುಧಾರಿಸಿದೆ ಎಂದು ಮೊದಲ ಸಭೆಯಲ್ಲೇ ಕೇಳಿದೆ. ಮೇಷ್ಟ್ರು ಎದುರಿಗೆ ಬಂದರೆ ಎದ್ದು ನಿಂತು ಬೆಳೆದವನು ನಾನು, ಹೆಡ್‌ಮಾಸ್ಟರನ್ನೇ ಲೆಕ್ಕ ಕೇಳುವಾಗ ಗಂಟಲು ಒಣಗಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಮುಂದಿನ ಸಭೆಗೆ ಉತ್ತರ ತರುತ್ತೇನೆ ಅಂದರು. ತಂದರು ಕೂಡ, ಯಾಕೆಂದರೆ ನನ್ನ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿತ್ತು. ಅದನ್ನು ಬರೆಯುವವರು ಸಮಿತಿಯ ಕ್ಲರ್ಕ್. ಹೆಡ್‌ಮಾಸ್ಟರ್ ಆಗಲಿ ಗವರ್ನರ್ ಆಗಲಿ ಕ್ಲರ್ಕ್ ಆಗುವಂತಿಲ್ಲ, ಹಾಗೆಂದು ನಿಯಮವೇ ಇದೆ.

ನಮ್ಮಲ್ಲಿ ಮುಖ್ಯ ಶಿಕ್ಷಕರೇ ಸಮಿತಿಯ ಕಾರ್ಯದರ್ಶಿ. ಉತ್ತರ ಕೊಡಬೇಕಾದವರೇ ಪ್ರಶ್ನೆಯನ್ನೂ ಬರೆದುಕೊಳ್ಳಬೇಕು. "ನಡಾವಳಿ ಪುಸ್ತಕದಲ್ಲಿ ಏನು ಬರೆದಿತ್ತು?" ಎಂದು ಅಕ್ಕನನ್ನು ಕೇಳಿದೆ. "ಗೊತ್ತಿಲ್ಲ ಕಣೋ, ಸೈನ್ ಹಾಕಿ ಅಂದ್ರು, ಹಾಕಿದೆ." ಎರಡು ವರ್ಷದಿಂದ ಹೀಗೇ ನಡೆದಿದೆ. ನನಗೆ ನಿಜಕ್ಕೂ ಸಂಕಟವಾಯಿತು. ಮಕ್ಕಳ ಬಗ್ಗೆ ಅಕ್ಕನಿಗಿರುವಷ್ಟು ಕಾಳಜಿ ಇಲ್ಲಿನ ನಮ್ಮ ಸಭೆಯಲ್ಲಿ ಕೂರುವ ಎಷ್ಟೋ ಜನರಿಗಿಲ್ಲ.

ಮುಂದಿನ ಸಲ ಓದಿಸಿ ಕೇಳು ಅಂದೆ. ಕೇಳಿದಳಂತೆ. ಶೌಚಾಲಯದ ಪೈಪು ರಿಪೇರಿಯಾಗಿದೆ ಎಂದು ಬರೆದಿತ್ತಂತೆ, ಆಗಿರಲಿಲ್ಲ. ಅದನ್ನು ಹೊಡೆದುಹಾಕಿಸಿ, ಆಗಬೇಕು ಎಂದು ಬರೆಸಿದ ಮೇಲೆಯೇ ಸಹಿ ಹಾಕಿದಳು.

ಮೇಷ್ಟ್ರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸಾಲದ್ದಕ್ಕೆ ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ಇಷ್ಟರ ನಡುವೆ ನಡಾವಳಿಯನ್ನೂ ಅವರೇ ಬರೆಯಬೇಕು ಅಂದರೆ ಹೇಗೆ? ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವರೋ, ಊರಿನಲ್ಲೇ ಇರುವ ಡಿಗ್ರಿ ಓದುವ ಹುಡುಗಿಯೋ ತಿಂಗಳಿಗೊಂದು ಗಂಟೆ ಕೂತು ಬರೆಯಬಹುದು ಅಲ್ವಾ? ಸಭೆಯ ವಿಷಯಗಳನ್ನು ಒಂದು ವಾರ ಮೊದಲೇ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದರೆ ಓದು ಬರದ ಪೋಷಕರಿಗೂ ಮುಟ್ಟುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ. ನಿಮ್ಮ ಊರಿನ ಶಾಲೆಯಲ್ಲಿ ಹೀಗೆ ಬೇರೆಯವರು ಬರೆಯುವ ಪದ್ಧತಿ ಇದ್ದರೆ ದಯವಿಟ್ಟು ತಿಳಿಸಿ, ಅಕ್ಕನಿಗೆ ಹೇಳಬೇಕು.