ಕಮ್ಮಿ ಓಡಿದ ಕಾರಿಗೂ ವಯಸ್ಸಾಗುತ್ತದೆ

"ಕಾರು ಓಡಿದ್ದೇ ಕಮ್ಮಿ, ಈಗ್ಲೇ ಯಾಕೆ ಸರ್ವಿಸ್?" ಎನ್ನುವವರು ಸಿಕ್ಕಾಗಲೆಲ್ಲ ನನಗೆ ಆ ಕಾರಿನ ಮೇಲೆ ಕನಿಕರ ಬರುತ್ತದೆ. ಕಾರಿನ ಜೊತೆ ಬರುವ ಮ್ಯಾನುಯಲ್‌ನಲ್ಲಿ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತದೆ. ಅಂಕಿ ಬೇರೆ ಇರಬಹುದು, ಆದರೆ ಆ 'ಅಥವಾ' ಇದ್ದೇ ಇರುತ್ತದೆ. ನಾವು ಅದರಲ್ಲಿ ಕಿಲೋಮೀಟರ್ ಮಾತ್ರ ಓದಿ ಮಡಚಿಡುತ್ತೇವೆ. ನನ್ನ ಪ್ರಕಾರ ಮನೆಯಲ್ಲಿ ಜಾಸ್ತಿ ನಿಲ್ಲುವ ಕಾರಿಗೇ ಜಾಸ್ತಿ ನಿಗಾ ಬೇಕು.

ಎಂಜಿನ್ ಆಯಿಲ್ ವಿಷಯವನ್ನೇ ನೋಡಿ. ಎಂಜಿನ್ ತಣ್ಣಗಿರುವಾಗ ಒಂದಿಷ್ಟು ಇಂಧನ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಒಳಗಿನ ಹಬೆ ನೀರಾಗಿ ಅದೂ ಸೇರಿಕೊಳ್ಳುತ್ತದೆ. ದೂರ ಓಡಿದರೆ ಆಯಿಲ್ ಚೆನ್ನಾಗಿ ಬಿಸಿಯಾಗಿ ಇವೆರಡೂ ಆವಿಯಾಗಿ ಹೋಗುತ್ತವೆ. ದಿನಾ ಎರಡೇ ಕಿಲೋಮೀಟರ್ ಓಡುವ ಕಾರಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಹೈವೇ ಮೇಲೆ ಸಾವಿರಾರು ಕಿಲೋಮೀಟರ್ ಓಡಿದ ಕಾರಿನ ಆಯಿಲೇ ಎಷ್ಟೋ ಸಲ ಇದಕ್ಕಿಂತ ಚೆನ್ನಾಗಿರುತ್ತದೆ. ನಿಂತ ಕಾರನ್ನು ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರಲ್ವಾ, ಅದರಿಂದಲೂ ಪ್ರಯೋಜನ ಅಷ್ಟಕ್ಕಷ್ಟೆ. ಆಯಿಲ್ ಬಿಸಿಯಾಗಲ್ಲ, ಸ್ಟಾರ್ಟ್ ಮಾಡಲು ಖರ್ಚಾದ ಬ್ಯಾಟರಿಯೂ ಸರಿಯಾಗಿ ತುಂಬಲ್ಲ. ವಾರಕ್ಕೊಂದು ಸಲ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ.

ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ನೋಡಲು ಮೆಕ್ಯಾನಿಕ್ ಬೇಕಾಗಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಆಯಿಲ್ ಎರಡು ಗುರುತುಗಳ ಮಧ್ಯೆ ಇರಬೇಕು. ಮೇಲಿನ ಗುರುತು ದಾಟಿಸಿ ಸುರಿಯುವುದೂ ತಪ್ಪೇ, ಕೆಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡ ತಗುಲಿ ನೊರೆ ಏಳಬಹುದು. ಬಣ್ಣ ಕಪ್ಪಾಯಿತೆಂದು ಗಾಬರಿ ಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ, ಡೀಸೆಲ್ ಕಾರಲ್ಲಂತೂ ಬೇಗ ಕಪ್ಪಾಗುತ್ತದೆ. ಹಾಲು ಬೆರೆತ ಕಾಫಿ ಬಣ್ಣ ಕಂಡರೆ ಮಾತ್ರ ತಡ ಮಾಡದೆ ತೋರಿಸಿ, ಒಳಗೆ ನೀರೋ ಕೂಲಂಟೋ (ಎಂಜಿನ್ ತಣ್ಣಗಿಡುವ ದ್ರವ) ಸೇರಿದೆ.

ಬ್ರೇಕ್ ಆಯಿಲ್ ಅಂತೂ ಯಾರಿಗೂ ನೆನಪೇ ಇರಲ್ಲ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಕಾರು ಓಡಲಿ ಬಿಡಲಿ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ನಂತರ ಆ ಕನಿಷ್ಠ ಮಿತಿ 155 ಡಿಗ್ರಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಆ ಶಾಖ ಅಲ್ಲಿಗೂ ಮುಟ್ಟಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಕೂಲಂಟ್‌ನಲ್ಲೂ ತುಕ್ಕು ತಡೆಯುವ ಅಂಶ ಕಾಲ ಕಳೆದಂತೆ ಸವೆಯುತ್ತದೆ. ಕಮ್ಮಿಯಾಯಿತೆಂದು ನಲ್ಲಿ ನೀರು ಸುರಿಯಬೇಡಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳವನ್ನಂತೂ ಮುಟ್ಟಲೇಬೇಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ರಬ್ಬರ್ ಹಳತಾಗಿ ಬಿರುಕು ಬಿಟ್ಟಿರಬಹುದು, ಬಗ್ಗಿ ನೋಡಿ. ಗಾಳಿ ಎಷ್ಟು ಹಾಕಿಸಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುತ್ತದೆ. ಟೈರ್ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ. ಅಷ್ಟನ್ನೇ ತುಂಬಿಸುವವರನ್ನು ನೋಡಿದ್ದೇನೆ!

ಇನ್ನು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗಿನ ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಬೆಲ್ಟ್. ಕೆಲವು ಎಂಜಿನ್‌ಗಳಲ್ಲಿ ಇದರ ಬದಲು ಚೈನ್ ಇರುತ್ತದೆ. ಬೆಲ್ಟ್‌ಗೆ ಕಿಲೋಮೀಟರ್ ಜೊತೆ ವರ್ಷದ ಗಡುವೂ ಇದೆ. ಓಡುವಾಗ ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ ಬಿಚ್ಚಲೇಬೇಕಾಗುತ್ತದೆ. ಮುರಿಯುವ ಮುಂಚೆ ಸದ್ದು ಮಾಡಿ ಹೇಳುತ್ತದೆ ಎಂದು ನಂಬಿ ಕೂರಬೇಡಿ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡು, ಬೆಲ್ಟ್ ಬದಲಿಸಿದ ಬಿಲ್ ಸಿಗದಿದ್ದರೆ, ಬದಲಿಸಿಲ್ಲ ಅಂತಲೇ ಲೆಕ್ಕ.