ಸ್ಪೇನ್ ರಾಜಕುಮಾರಿ ಲಿಯೊನೊರ್ ಬಗ್ಗೆ ಒಂದು ಸ್ಪಷ್ಟನೆ

'ಸ್ಪೇನ್‌ನಲ್ಲಿ ಕಾನೂನು ಬದಲಾಯ್ತು, ಈಗ ಗಂಡು ಹೆಣ್ಣು ಯಾರೇ ಆಗಲಿ ಮೊದಲ ಮಗುವಿಗೇ ಪಟ್ಟ, ಅದಕ್ಕೇ ಲಿಯೊನೊರ್ ಮುಂದಿನ ರಾಣಿ' ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಮೊನ್ನೆ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಕಾನೂನು ಬದಲಾಗಿಲ್ಲ. 1978ರ ಸಂವಿಧಾನದ 57ನೇ ವಿಧಿಯ ಪ್ರಕಾರ ಒಡಹುಟ್ಟಿದವರಲ್ಲಿ ಗಂಡಿಗೇ ಮೊದಲ ಹಕ್ಕು. ಈಗಿನ ರಾಜ ಆರನೇ ಫೆಲಿಪೆಯನ್ನೇ ನೋಡಿ. ಎಲೆನಾ ಹುಟ್ಟಿದ್ದು 1963ರಲ್ಲಿ, ಕ್ರಿಸ್ಟಿನಾ 1965ರಲ್ಲಿ, ಫೆಲಿಪೆ 1968ರಲ್ಲಿ. ಇಬ್ಬರು ಅಕ್ಕಂದಿರಿದ್ದರೂ ಪಟ್ಟ ಸಿಕ್ಕಿದ್ದು ತಮ್ಮನಿಗೆ!

ಫೆಲಿಪೆಯ ಹಿರಿಯ ಮಗಳು ಲಿಯೊನೊರ್ ಉತ್ತರಾಧಿಕಾರಿ ಆಗಿರುವುದು ಅವಳಿಗೆ ತಮ್ಮ ಇಲ್ಲದ್ದರಿಂದ, ಇರುವುದು ತಂಗಿ ಸೋಫಿಯಾ ಮಾತ್ರ. 2023ರ ಅಕ್ಟೋಬರ್ 31ರಂದು, 18 ತುಂಬಿದ ದಿನ, ಅವಳು ಸಂಸತ್ತಿನಲ್ಲಿ ಪ್ರಮಾಣ ಮಾಡಿದ್ದು ಕೂಡ ಇದೇ ಹಳೇ ಸಂವಿಧಾನಕ್ಕೆ.

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.