ಕೈ ಸವೆಸಿದವರು ಒಬ್ಬರು, ಹೆಸರು ಸ್ಪ್ರೇ ಗನ್ನಿಗೆ

ನಮ್ಮ ಹಳೇ ಕಾರು ಪ್ರೀಮಿಯರ್ ಪದ್ಮಿನಿಯನ್ನು ಮನೆಯಲ್ಲೇ ಉಜ್ಜಿ, ಹೊಸ ಬಣ್ಣ ಹೊಡೆಸಿ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. "ಯಾವ ಕಂಪನಿ ಬಣ್ಣ ರೀ?" ಅದರ ಹಿಂದೆಯೇ ಇನ್ನೊಂದು, "ಖರ್ಚ ಎಷ್ಟ ಬಂತು?" ಹೇಗೆ ಉಜ್ಜಿದಿರಿ ಅಂತ ಒಬ್ಬರೂ ಕೇಳಲಿಲ್ಲ. ಧಾರವಾಡದ ಗೆಳೆಯನೊಬ್ಬನಿಗೆ ಕೊನೆಯ ಬಣ್ಣವನ್ನು ಬೂತ್‌ನಲ್ಲಿ (ಬಣ್ಣ ಹೊಡೆಯಲಿಕ್ಕೆಂದೇ ಇರುವ ಮುಚ್ಚಿದ ಕೋಣೆ) ಹೊಡೆಸಿದ್ದು ಅಂತ ಗೊತ್ತಾಯಿತು. "ಹಂಗಾರ ಮನ್ಯಾಗ ಮಾಡಿದ್ದಲ್ಲ ಬಿಡು" ಅಂದ. ಈ ಬರಹ ಅವನಿಗೇ.

ಕಾರಿನ ನುಣುಪು ಹುಟ್ಟುವುದು ಬಣ್ಣದ ಕೆಳಗೆ. ಕಂಪನಿಯಿಂದ ಬರುವ ಕಾರಿನ ಮೇಲೆ ಪ್ರೈಮರ್ (ಬಣ್ಣದ ಕೆಳಗಿನ ಅಸ್ತರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅಂದರೆ 0.1 ಮಿಲಿಮೀಟರ್ ಆಚೀಚೆ. ಇಷ್ಟು ತೆಳ್ಳಗಿನ ಪದರ ಯಾವ ತಗ್ಗನ್ನು ಮುಚ್ಚುತ್ತದೆ ಹೇಳಿ? ಮುಚ್ಚುವುದಿರಲಿ, ಎತ್ತಿ ತೋರಿಸುತ್ತದೆ. ಪ್ರೈಮರ್‌ಗೆ ಹೊಳಪಿಲ್ಲ, ಹಾಗಾಗಿ ಅದರ ಮೇಲೆ ಎಲ್ಲವೂ ಚೆಂದ ಕಾಣುತ್ತದೆ. ಹೊಳೆಯುವ ಬಣ್ಣ ಬಿದ್ದ ಮೇಲೆ ಬಾಗಿಲಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ತಗಡು ಸಮ ಇಲ್ಲದಿದ್ದರೆ ನೇರ ಗೆರೆ ಹಾವಿನಂತೆ ಹರಿದಾಡುತ್ತದೆ. ದುಬಾರಿ ಬಣ್ಣ ಹೊಡೆದರೂ ಅಷ್ಟೇ. ಆ ಹಾವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಅದಕ್ಕೇ ನಾನು ಜಾಸ್ತಿ ಹೊತ್ತು ಕಳೆದದ್ದು ತಗಡಿನ ತಗ್ಗು ತುಂಬುವ ಪುಟ್ಟಿ ಮತ್ತು ಪ್ರೈಮರ್ ಜೊತೆ. ಪುಟ್ಟಿ ತೆಳ್ಳಗಿರಬೇಕು. ಎರಡು ಮೂರು ಮಿಲಿಮೀಟರ್ ದಾಟುತ್ತಿದೆ ಅಂದರೆ ತಗಡಿನ ಕೆಲಸ ಮುಗಿದಿಲ್ಲ ಅಂತಲೇ ಅರ್ಥ. ಮತ್ತೆ ಸುತ್ತಿಗೆ ಹಿಡಿಯಬೇಕು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಸುರಿಯುವವರೂ ಇದ್ದಾರೆ. ನೂರು ಗ್ರಾಂ ಪುಟ್ಟಿಗೆ ಎರಡು ಮೂರು ಗ್ರಾಂ ಸಾಕು. ಜಾಸ್ತಿಯಾದರೆ ಮುಂದೆ ಬಣ್ಣದ ಮೇಲೆ ಕಲೆ ಎದ್ದು ಬರುತ್ತದೆ, ಬಿಳಿ ಕಾರಿನಲ್ಲಂತೂ ಮುಚ್ಚಿಡಲಿಕ್ಕೇ ಆಗುವುದಿಲ್ಲ.

ಇನ್ನೊಂದು ವಿಷಯಕ್ಕೆ ನಮ್ಮ ಕಡೆಯ ಹಳೇ ಪೇಂಟರ್‌ಗಳ ಜೊತೆ ನನ್ನದು ಜಗಳವೇ. ಅವರು ಪುಟ್ಟಿಯನ್ನೂ ನೀರು ಹಾಕಿಯೇ ಉಜ್ಜುತ್ತಾರೆ. ಧೂಳು ಏಳುವುದಿಲ್ಲ, ಸ್ಯಾಂಡ್‌ಪೇಪರ್ ಬಾಳಿಕೆ ಬರುತ್ತದೆ, ಎರಡೂ ನಿಜ. ಆದರೆ ಪುಟ್ಟಿ ನೀರು ಕುಡಿಯುತ್ತದೆ. ಆ ನೀರು ಪ್ರೈಮರ್ ಕೆಳಗೆ ಸಿಕ್ಕಿಬಿದ್ದರೆ ತಗಡಿಗೆ ಜಂಗು, ಮೇಲೆ ಗುಳ್ಳೆ. ಬಣ್ಣ ಹೊಡೆದ ದಿನ ಏನೂ ಗೊತ್ತಾಗುವುದಿಲ್ಲ, ಮುಂದಿನ ಮಳೆಗಾಲದ ಹೊತ್ತಿಗೆ ಗೊತ್ತಾಗುತ್ತದೆ. ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಿ, 80 ನಂಬರಿನ ಪೇಪರ್‌ನಿಂದ ಶುರು ಮಾಡಿ 180ರವರೆಗೆ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು). ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ನೀರು ಏನಿದ್ದರೂ ಆಮೇಲೆ, ಪ್ರೈಮರ್ ಪೂರ್ತಿ ಗಟ್ಟಿಯಾದ ಮೇಲೆ.

ಬರಿಗೈಯಲ್ಲಿ ಪೇಪರ್ ಹಿಡಿದು ಉಜ್ಜುವುದನ್ನು ಇವತ್ತೇ ಬಿಡಿ. ಬೆರಳು ಬಿದ್ದ ಕಡೆ ಒತ್ತಡ ಜಾಸ್ತಿ, ಅಲ್ಲಿ ಕಾಲುವೆ ಬೀಳುತ್ತದೆ. ಟಾಪು, ಬಾನೆಟ್‌ನಂಥ ಅಗಲ ಜಾಗಕ್ಕೆ ಉದ್ದನೆಯ ನೇರ ಮರದ ತುಂಡು, ಮಡ್‌ಗಾರ್ಡ್‌ನ ತಿರುವಿಗೆ ಹಳೇ ಹವಾಯಿ ಚಪ್ಪಲಿಯ ತುಂಡು. ನಗಬೇಡಿ, ಅಂಗಡಿಯ ರಬ್ಬರ್ ಬ್ಲಾಕಿಗಿಂತ ಅದು ಚೆನ್ನಾಗಿ ಬಾಗುತ್ತದೆ. ಕೈ ಓರೆಯಾಗಿ ಓಡಿಸಬೇಕು. ಒಮ್ಮೆ ಎಡಗಡೆಯ ಮೂಲೆಯಿಂದ, ಒಮ್ಮೆ ಬಲಗಡೆಯ ಮೂಲೆಯಿಂದ.

ಇನ್ನು ಕರಿ ಸ್ಪ್ರೇ ಡಬ್ಬಿ. ಇಡೀ ಕೆಲಸದಲ್ಲಿ ನಾನು ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಇದೊಂದರಲ್ಲೇ. ಬೂದು ಪ್ರೈಮರ್ ಮೇಲೆ ದೂರದಿಂದ ತೆಳ್ಳಗೆ ಕರಿ ಬಣ್ಣ ಚಿಮುಕಿಸಿ. ಪೂರ್ತಿ ಮುಚ್ಚಬಾರದು, ಹನಿ ಹನಿ ಕೂತರೆ ಸಾಕು. ಒಣಗಿದ ಮೇಲೆ ಬ್ಲಾಕ್ ಹಿಡಿದು 400 ನಂಬರಿನಲ್ಲಿ ಉಜ್ಜಿ. ಉಬ್ಬಿದ ಕಡೆ ಕರಿ ತಕ್ಷಣ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ, ಅಂಗೈಗೂ ಸಿಗದ ತಗ್ಗುಗಳೆಲ್ಲ ನಕ್ಷೆಯ ಹಾಗೆ ಎದ್ದು ನಿಲ್ಲುತ್ತವೆ. ಮಧ್ಯೆ ಬೂದು ಹೋಗಿ ತಗಡು ಕಂಡರೆ ನಿಲ್ಲಿಸಿ. ಇನ್ನು ಉಜ್ಜಿದರೆ ಪ್ರಯೋಜನ ಇಲ್ಲ, ಮತ್ತೊಂದು ಸುತ್ತು ಪ್ರೈಮರ್ ಬೇಕು. ಮತ್ತೆ ಕರಿ, ಮತ್ತೆ ಉಜ್ಜುವುದು. ಬೇಸರ ಬರುತ್ತದೆ, ನಿಜ. ಕರಿ ಚುಕ್ಕೆ ಒಂದೂ ಉಳಿಯದ ಬಾಗಿಲು ಕೈಗೆ ಸಿಕ್ಕ ದಿನ ಊಟ ಮಾತ್ರ ಎರಡು ರೊಟ್ಟಿ ಜಾಸ್ತಿ ಹೋಗುತ್ತದೆ.

ಆಮೇಲೆ ಗಾಡಿಯನ್ನು ಸ್ವಲ್ಪ ದಿನ ಬಿಸಿಲಿಗೆ ಬಿಡಿ. ಪುಟ್ಟಿ, ಪ್ರೈಮರ್ ಎರಡೂ ಒಣಗುತ್ತಾ ಕುಗ್ಗುತ್ತವೆ. ಕುಗ್ಗುವ ಮೊದಲೇ ಬಣ್ಣ ಹೊಡೆದರೆ ತಿಂಗಳು ಕಳೆದ ಮೇಲೆ ಪೇಪರಿನ ಗೀರು ಮೇಲೆ ಮೂಡುತ್ತದೆ. ಗ್ಯಾರೇಜ್‌ಗಳಿಗೆ ಇಷ್ಟು ಪುರುಸೊತ್ತು ಎಲ್ಲಿ? ಜಾಗ ಬೇಕು, ಮುಂದಿನ ಗಾಡಿ ಕಾಯುತ್ತಿರುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಇರುವ ದೊಡ್ಡ ಅನುಕೂಲವೇ ಈ ಪುರುಸೊತ್ತು.

ಈಗ ಗೆಳೆಯನ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಮನೆಯಲ್ಲಿ ಮಾಡಿ ಕೊನೆಗೆ ಗನ್ ಯಾಕೆ ಹಿಡಿಯಲಿಲ್ಲ?

ಮೊದಲನೆಯದು ನಮ್ಮ ಊರು. ಹುಬ್ಬಳ್ಳಿಯ ಎರಿಮಣ್ಣಿನ ಧೂಳು, ಮುಗಿಯದ ರಸ್ತೆ ಕೆಲಸ, ಧಾರವಾಡದಲ್ಲಾದರೆ ಆಷಾಢದ ಗಾಳಿ. ಮಳೆಗಾಲದಲ್ಲಿ ಹೊಡೆದರೆ ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಎನ್‌ಸಿ (ಥಿನ್ನರ್ ಆರಿದರೆ ಒಣಗುವ ನೈಟ್ರೋಸೆಲ್ಯುಲೋಸ್) ಬಣ್ಣ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಹೊಡೆದರೆ ಬಣ್ಣ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂತೆ ತರಿತರಿ. ರಾತ್ರಿ ಲೈಟ್ ಹಾಕಿ ಹೊಡೆದರೆ ಹುಳ.

ಇವೆಲ್ಲ ಹೇಗೋ ಸಂಭಾಳಿಸಬಹುದು. ದೀಪಾವಳಿ ಹೊತ್ತಿನ ಬೆಳಿಗ್ಗೆ ನೋಡಿ, ಧೂಳು ಏಳದಂತೆ ನೆಲಕ್ಕೆ ನೀರು ಹೊಡೆದು ಶುರು ಮಾಡಬಹುದು. ಸಂಭಾಳಿಸಲಿಕ್ಕೆ ಆಗದ್ದು ಬಣ್ಣಕ್ಕೆ ಬೆರೆಸುವ ಹಾರ್ಡ್‌ನರ್. ಈಗ ಎಲ್ಲರೂ ಹೊಡೆಸುವ ಟೂಕೆ ಪಿಯು (ಎರಡು ಭಾಗ ಬೆರೆಸಿ ಹೊಡೆಯುವ ಪಾಲಿಯುರೆಥೇನ್) ಬಣ್ಣದ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ದಮ್ಮು ಅಂಟಿಕೊಳ್ಳಬಹುದು. ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ಸ್ವಲ್ಪವೇ ತಾಗಿದರೂ ಉಸಿರು ಕಟ್ಟುತ್ತದೆ. ವಾಸನೆ ಬಂದಾಗ ನಿಲ್ಲಿಸಿದರಾಯಿತು ಅನ್ನುವ ಹಾಗೂ ಇಲ್ಲ, ಅಪಾಯದ ಮಟ್ಟ ದಾಟಿದ್ದರೂ ಮೂಗಿಗೆ ಗೊತ್ತಾಗದಿರಬಹುದು. ಬಟ್ಟೆಯ ಮಾಸ್ಕ್, ಕರವಸ್ತ್ರ ಲೆಕ್ಕಕ್ಕೇ ಇಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ನಮ್ಮ ಕಾಂಪೌಂಡಿನ ಆಚೆ ಪಕ್ಕದ ಮನೆಯ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಅವರಿಗೆಲ್ಲ ಮಾಸ್ಕ್ ಕೊಡಲಿಕ್ಕೆ ಆಗುತ್ತಾ? ಯೂಟ್ಯೂಬಿನಲ್ಲಿ ಬನಿಯನ್ ಹಾಕಿಕೊಂಡು ಟೂಕೆ ಹೊಡೆದು ತೋರಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹಾಗಾಗಿ ಗಾಡಿಯನ್ನು ಗೋಕುಲ ರೋಡ್ ಕಡೆಯ ಬೂತ್‌ಗೆ ಒಯ್ದೆ. ಅವರು ಗನ್ ಆಡಿಸಿದ್ದು ಅರ್ಧ ದಿನವೂ ಇಲ್ಲ. ಆ ಅರ್ಧ ದಿನಕ್ಕೆ ಇಡೀ ಕೆಲಸದ ಹೆಸರು ಕೊಡುವುದಾದರೆ ಕೊಡಪ್ಪಾ, ನನಗೇನೂ ಬೇಜಾರಿಲ್ಲ.

ನೀವೂ ಹೀಗೆ ಮಾಡುವುದಾದರೆ ಬೂತ್‌ನವರಿಗೆ ಮೊದಲೇ ಎರಡು ಮಾತು ಹೇಳಿ. ಆರ್‌ಸಿಯಲ್ಲಿರುವ ಬಣ್ಣವೇ ಇರಲಿ, ಬದಲಾಯಿಸಿದರೆ ಆರ್‌ಟಿಒ ಕಚೇರಿಗೆ ಹೋಗಿ ನಮೂದು ಮಾಡಿಸಬೇಕಾಗುತ್ತದೆ. ಮತ್ತೆ ಒಂದು ಕೋಟ್ ಜಾಸ್ತಿ ಹೊಡೆಯಲಿ. ಮನೆಗೆ ತಂದ ಮೇಲೆ ಧೂಳಿನ ಕಣ ಇದ್ದ ಕಡೆ 1500, 2000 ನಂಬರಿನಲ್ಲಿ ನೀರು ಹಾಕಿ ಉಜ್ಜಿ ಕಾಂಪೌಂಡ್ (ಹೊಳಪು ಕೊಡುವ ಪೇಸ್ಟ್) ಹಚ್ಚಬೇಕಲ್ಲ, ಅದಕ್ಕೆ ದಪ್ಪ ಬೇಕು. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡೇ ಉಜ್ಜಿ. ಅಲ್ಲಿ ಬಣ್ಣ ತೆಳ್ಳಗೆ ಕೂತಿರುತ್ತದೆ, ಎರಡು ಕೈ ಜಾಸ್ತಿ ಓಡಿದರೆ ಪ್ರೈಮರ್ ಕಾಣುತ್ತದೆ.